ಬೆಳಿಗ್ಗೆ ತೆಗೆದ ಕಸವನ್ನು ಸಂಜೆ ಮರಳಿ ಕೆರೆಗೆ ಹಾಕುವ ಕುರಿತು

ಕೆರೆ ಸ್ವಚ್ಛತಾ ಸ್ವಯಂಸೇವಕರ ಬಳಗವು ಚುನಾವಣೆಯ ಕಾಲದಲ್ಲಿ ಯಾವ ಪಕ್ಷದ ಕಡೆಗೂ ವಾಲಲಿಲ್ಲ ಎಂಬುದು ನಿರ್ವಿವಾದ ಸಂಗತಿ. ಬಳಗದ ಕಾರ್ಯದರ್ಶಿಯಾದ ನಾನೇ ಇದನ್ನು ಹೇಳುತ್ತಿರುವುದರಿಂದ ಬೇರೆ ಸಾಕ್ಷಿ ಬೇಕಾಗಿಲ್ಲ. ಆದರೂ ಇತರ ಬಳಗಗಳಿಗೆ ಮಾದರಿಯಾಗಲಿ ಎಂದು ವಿವರಿಸುತ್ತೇನೆ.

ಮೊದಲು ನಮ್ಮ ಕೆಲಸ ಬಹಳ ಸರಳವಾಗಿತ್ತು. ಭಾನುವಾರ ಬೆಳಿಗ್ಗೆ ಕೆರೆಗಿಳಿದು ಬಾಟಲಿ, ಹರಿದ ಚಪ್ಪಲಿ, ಒಮ್ಮೊಮ್ಮೆ ಇಡೀ ಸೋಫಾವನ್ನೇ ದಡಕ್ಕೆ ಎಳೆಯುವುದು, ಟೀ ಕುಡಿಯುವುದು, ಕೆಸರು ಬಟ್ಟೆಯಲ್ಲಿ ಮನೆಗೆ ಹೋಗಿ ಬೈಸಿಕೊಳ್ಳುವುದು. ಚುನಾವಣೆ ಘೋಷಣೆಯಾದ ಮೇಲೆ ಒಬ್ಬ ಅಭ್ಯರ್ಥಿ, ಕೆರೆಯನ್ನು ಕನ್ನಡಿಯಂತೆ ಮಾಡುತ್ತೇನೆ ಎಂದರು. ಅವರ ಎದುರಾಳಿ, ಕೆರೆ ಮುಚ್ಚಿ ಬಸ್ ನಿಲ್ದಾಣ ಕಟ್ಟುತ್ತೇನೆ ಎಂದರು. ಅಲ್ಲಿಗೆ ನಮ್ಮ ಸರಳತೆ ಮುಗಿಯಿತು.

ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ತುರ್ತು ಸಭೆ ಸೇರಿತು. ನಮ್ಮ ಅಧ್ಯಕ್ಷರು ನಿವೃತ್ತ ಗಣಿತ ಮೇಷ್ಟ್ರು. ಎರಡು ಕಡೆಯೂ ಸಮ ಆಗದೆ ಅವರಿಗೆ ಊಟ ಸೇರುವುದಿಲ್ಲ.

"ಕೆರೆ ಕ್ಲೀನ್ ಮಾಡಿದ್ರೆ ಮೊದಲನೆಯವರ ಪ್ರಚಾರ ಮಾಡಿದ ಹಾಗೆ. ಮಾಡದೆ ಕೂತ್ರೆ ಕಸ ತುಂಬಿ ಕೆರೆ ತಾನೇ ಮುಚ್ಚಿಹೋಗುತ್ತೆ, ಅದು ಎರಡನೆಯವರ ಪ್ರಚಾರ. ಅತ್ತ ದರಿ, ಇತ್ತ ಪುಲಿ," ಎಂದರು.

ಟೈಲರ್ ಅಕ್ಕ ಎದ್ದು ನಿಂತಳು. ಕೋಡಿಯ ಕೆಳಗಿನ ಬೀದಿಯಲ್ಲಿ ಅವಳ ಮನೆ, ಅದರ ಮುಂಭಾಗವೇ ಅಂಗಡಿ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ ಈ ಕೋಡಿ. ಅದರ ಬಾಯಿಗೆ ಯಾರೋ ಎಸೆದ ದೊಡ್ಡ ಹಾಸಿಗೆಯೊಂದು ಬಂದು ಸಿಕ್ಕಿಕೊಂಡಿತ್ತು.

"ಮೇಷ್ಟ್ರೇ, ಇಬ್ಬರನ್ನೂ ಕರೆದು ಒಂದೇ ಪ್ರಶ್ನೆ ಕೇಳೋಣ, ಇಬ್ಬರ ಉತ್ತರಾನೂ ಜನರಿಗೆ ಹೇಳೋಣ. ಯಾರ ವೇದಿಕೆನೂ ಹತ್ತೋದು ಬೇಡ. ನಮ್ಮ ಕೆಲಸ ನಾವು ಮಾಡ್ಕೊಂಡು ಹೋಗೋಣ. ಮೊದಲು ಆ ಹಾಸಿಗೆ ತೆಗೀಬೇಕು. ಅದು ಹಾಗೇ ಇದ್ರೆ ಮಳೆ ನೀರು ಏರಿ ದಾಟಿ ನನ್ನ ಮನೆಗೇ ಬರೋದು. ಇಡೀ ಶಾಲೆಯ ಯೂನಿಫಾರ್ಮ್ ಹೊಲಿದು ಇಟ್ಟಿದ್ದೀನಿ."

ಅಧ್ಯಕ್ಷರು ಮರುಕದಿಂದ ನಕ್ಕರು. "ಒಂದೇ ಪ್ರಶ್ನೆ ಕೇಳಿದ್ರೆ ಉತ್ತರ ಗೊತ್ತಿರೋರಿಗೆ ಅನುಕೂಲ ಆಗುತ್ತಲ್ಲಮ್ಮ. ಅದು ಪಕ್ಷಪಾತ ಅಲ್ವಾ?"

ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಸಭೆಯು ಹೀಗೆ ತೀರ್ಮಾನಿಸಿತು: ಚುನಾವಣೆ ಘೋಷಣೆಯಾದ ದಿನ ಕೆರೆ ಹೇಗಿತ್ತೋ ಮತದಾನದ ದಿನವೂ ಹಾಗೆಯೇ ಇರತಕ್ಕದ್ದು. ಸ್ವಯಂಸೇವಕರ ಉತ್ಸಾಹಕ್ಕೆ ಭಂಗ ಬಾರದಂತೆ ಬೆಳಿಗ್ಗೆ ಕಸ ತೆಗೆಯತಕ್ಕದ್ದು. ಸಂಜೆ ಅದೇ ಕಸವನ್ನು ಅದೇ ಜಾಗಕ್ಕೆ ಮರಳಿ ಹಾಕತಕ್ಕದ್ದು.

ಈ ಸುದ್ದಿ ಹಬ್ಬಿದೊಡನೆ ಇಬ್ಬರು ಅಭ್ಯರ್ಥಿಗಳಿಗೂ ನಮ್ಮ ಮೇಲೆ ಅಪಾರ ಗೌರವ ಉಕ್ಕಿತು. ಬೆಳಗಿನ ತಿಂಡಿ ಮೊದಲನೆಯವರ ಕಡೆಯಿಂದ ಬಂತು, ಸಂಜೆಯದು ಎರಡನೆಯವರ ಕಡೆಯಿಂದ. ಒಂದೇ ಕಡೆ ತಿಂದರೆ ಋಣ, ಎರಡೂ ಕಡೆ ತಿಂದರೆ ಸಮತೋಲನ ಎಂದು ಅಧ್ಯಕ್ಷರು ತಿನ್ನುತ್ತಲೇ ತಿಳಿಸಿದರು. ಇಬ್ಬರೂ ಕೈಗವಸುಗಳನ್ನು ಕಳಿಸಿದಾಗ ಎಡಗೈಗೆ ಒಬ್ಬರದನ್ನು, ಬಲಗೈಗೆ ಇನ್ನೊಬ್ಬರದನ್ನು ಹಾಕಿಕೊಳ್ಳಲಾಯಿತು. ಉಳಿದ ಕೈಗವಸುಗಳು ಅಧ್ಯಕ್ಷರ ಭಾವಮೈದುನನ ಹಾರ್ಡ್‌ವೇರ್ ಅಂಗಡಿಯಲ್ಲಿ ತಟಸ್ಥವಾಗಿ ಮಾರಾಟವಾದವು.

ಆದರೆ ಸಂಜೆ ಕಸ ಕಡಿಮೆ ಬೀಳತೊಡಗಿತು. ವಿಚಾರಿಸಿದಾಗ, ದಡದ ಮೇಲಿನ ಬಾಟಲಿಗಳನ್ನು ಗುಜರಿ ಅಜ್ಜ ಒಯ್ಯುತ್ತಿರುವುದು ಗೊತ್ತಾಯಿತು.

"ಅಜ್ಜಾ, ನೀವು ಯಾವ ಪಕ್ಷ?" ಎಂದು ಅಧ್ಯಕ್ಷರು ಗಂಭೀರವಾಗಿ ಕೇಳಿದರು.

"ನಾನು ಬಾಟಲಿ ಪಕ್ಷ ಕಣಪ್ಪ. ಖಾಲಿ ಆಗಿದ್ರೆ ಸಾಕು," ಎಂದರು ಅಜ್ಜ.

ಕೊರತೆ ನೀಗಿಸಲು ಆಟೋಗೆ ಮೈಕ್ ಕಟ್ಟಿ ಬೀದಿ ಬೀದಿಯಲ್ಲಿ ಸಾರಿದೆವು: "ನಾಗರಿಕ ಬಂಧುಗಳೇ, ಕೆರೆಯಲ್ಲಿ ಕಸದ ಅಭಾವ ಉಂಟಾಗಿದೆ. ಪ್ರಜಾಪ್ರಭುತ್ವದ ಹಿತದೃಷ್ಟಿಯಿಂದ ಪ್ರತಿ ಮನೆಯವರೂ ಒಂದು ಚೀಲ ಕಸ ನೀಡಿ ಸಹಕರಿಸಬೇಕಾಗಿ ವಿನಂತಿ." ಸ್ವಚ್ಛತೆಗೆ ಕರೆದಾಗ ಎಂದೂ ಬಾಗಿಲು ತೆರೆಯದವರೂ ಚೀಲ ಹಿಡಿದು ಓಡಿಬಂದರು. ಜನರಲ್ಲಿ ಪರಿಸರ ಪ್ರಜ್ಞೆ ಸತ್ತಿಲ್ಲ ಎಂದು ನನ್ನ ಕಣ್ಣು ತೇವವಾಯಿತು.

ಹಾಸಿಗೆಯ ವಿಷಯದಲ್ಲಿ ಮಾತ್ರ ಟೈಲರ್ ಅಕ್ಕ ಹಟ ಬಿಡಲಿಲ್ಲ. ಒಮ್ಮೆ ಅವಳೊಬ್ಬಳೇ ಕೋಡಿಗಿಳಿದು, ಎದೆಮಟ್ಟ ನೀರಿನಲ್ಲಿ ನಿಂತು, ಅದನ್ನು ಹೊರಗೆಳೆದು ದಡದ ಮೇಲೆ ಹಾಕಿದಳು. ಸಂಜೆ ನಾನೂ ಅಧ್ಯಕ್ಷರೂ ಆಚೆ ಈಚೆ ಹಿಡಿದು ಅದನ್ನು ಸ್ವಸ್ಥಾನಕ್ಕೆ ತಲುಪಿಸಿದೆವು. ಮೊದಲಿನಷ್ಟೇ ಬಿಗಿಯಾಗಿ ಕೂತಿದೆಯೇ ಎಂದು ಅಧ್ಯಕ್ಷರು ಕಾಲಿನಿಂದ ತುಳಿದು ಖಾತರಿ ಮಾಡಿಕೊಂಡರು.

"ಸರ್, ನೀವಾದ್ರೂ ಹೇಳಬಾರದಾ?" ಎಂದು ಅಕ್ಕ ನನ್ನನ್ನು ಕೇಳಿದಳು.

"ನೋಡೋಣಮ್ಮ," ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಾನು ಆಗಲೇ ನುರಿತಿದ್ದೆ.

ಮತದಾನದ ದಿನ ಮಧ್ಯಾಹ್ನ ಮಳೆ ಬಂತು. ಹಾಸಿಗೆ ತನ್ನ ಕರ್ತವ್ಯದಲ್ಲಿ ಕಿಂಚಿತ್ತೂ ಲೋಪ ಮಾಡಲಿಲ್ಲ. ನೀರು ಏರಿ ದಾಟಿ ಕೆಳಗಿನ ಬೀದಿಗೆ ನುಗ್ಗಿತು. ಆ ಬೀದಿಯಲ್ಲೇ ಎರಡೂ ಪಕ್ಷಗಳ ಕಚೇರಿಗಳು ಎದುರುಬದುರಾಗಿದ್ದವು. ಅಧ್ಯಕ್ಷರು ಪ್ಯಾಂಟು ಮಡಚಿ ಎರಡಕ್ಕೂ ಖುದ್ದಾಗಿ ಇಳಿದು ನೋಡಿದರು.

"ಇಲ್ಲೂ ಮೊಣಕಾಲು, ಅಲ್ಲೂ ಮೊಣಕಾಲು! ಇದಕ್ಕಿಂತ ನಿಷ್ಪಕ್ಷಪಾತ ಇನ್ನೇನು ಬೇಕ್ರೀ?" ಎಂದು ಅವರು ಕೂಗಿದರು.

ಟೈಲರ್ ಅಕ್ಕ ಕತ್ತರಿಸುವ ಮೇಜಿನ ಮೇಲೆ ನಿಂತಿದ್ದಳು. ಮಷೀನಿನ ಮೋಟರನ್ನು ಬಿಚ್ಚಿ ಕಂಕುಳಲ್ಲಿ ಎತ್ತಿಕೊಂಡಿದ್ದಳು. ಯೂನಿಫಾರ್ಮುಗಳು ಅವಳ ಸುತ್ತ ತೇಲುತ್ತಿದ್ದವು, ಬಿಳಿ ಶರ್ಟುಗಳು ಆಗಲೇ ಕೆರೆಯ ಬಣ್ಣಕ್ಕೆ ತಿರುಗಿದ್ದವು.

"ಮೇಷ್ಟ್ರೇ, ಈಗಲಾದ್ರೂ ಹಾಸಿಗೆ ತೆಗೀರಿ!"

"ಐದು ಗಂಟೆಗೆ ಮತದಾನ ಮುಗಿಯುತ್ತಮ್ಮ. ಅಲ್ಲಿವರೆಗೆ ಸ್ವಲ್ಪ ಸಹಕರಿಸು."

ನಾನು ಕೋಡಿಯ ಕಡೆಗೆ ಎರಡು ಹೆಜ್ಜೆ ಇಟ್ಟೆ. ಸಂಜೆಯ ತಿಂಡಿ ಇನ್ನೂ ಬಂದಿಲ್ಲವಲ್ಲ, ಇರಿ ಎಂದು ಅಧ್ಯಕ್ಷರು ತಡೆದರು.

ಐದು ಗಂಟೆಗೆ, ಎಣಿಕೆ ಮುಗಿಯುವವರೆಗೆ ಕಾಯುವುದು ಸೂಕ್ತ ಎಂದಾಯಿತು. ಎಣಿಕೆಯಲ್ಲಿ ಮೊದಲನೆಯವರು ಗೆದ್ದರು. ಈಗ ಕೆರೆ ಸ್ವಚ್ಛ ಮಾಡಿದರೆ ಗೆದ್ದವರಿಗೆ ಬಾಲ ಬಡಿದಂತೆ, ಮಾಡದಿದ್ದರೆ ಸೋತವರ ಪರ ಮುಷ್ಕರ ಹೂಡಿದಂತೆ. ಆದ್ದರಿಂದ ಮುಂದಿನ ಚುನಾವಣೆಯವರೆಗೆ ಹಾಲಿ ವ್ಯವಸ್ಥೆಯೇ ಮುಂದುವರಿಯತಕ್ಕದ್ದು ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಗೆದ್ದವರೂ ಸೋತವರೂ ಒಟ್ಟಿಗೆ ಬಂದು ಅಧ್ಯಕ್ಷರಿಗೆ ಶಾಲು ಹೊದಿಸಿದರು, ಒಬ್ಬೊಬ್ಬರು ಒಂದೊಂದು ತುದಿ ಹಿಡಿದು.

ಮುಂದಿನ ಭಾನುವಾರ ಸಂಜೆ ಟೈಲರ್ ಅಕ್ಕ ಬಂದಳು. ಜಗಳಕ್ಕೇ ಬಂದಿದ್ದಾಳೆಂದು ನಾನು ಅಧ್ಯಕ್ಷರ ಹಿಂದೆ ಸರಿದು ನಿಂತೆ. ಅವಳು ತಲೆಯ ಮೇಲಿದ್ದ ಮೂಟೆಯನ್ನು ಇಳಿಸಿ ಬಿಚ್ಚಿದಳು. ಕೊಳೆತ ಯೂನಿಫಾರ್ಮುಗಳು. ಒಂದೊಂದನ್ನೇ ಕೊಡವಿ, ಅಭ್ಯಾಸ ತಪ್ಪದೆ ಕಾಲರು ಸರಿಮಾಡಿ, ನೀರಿಗೆ ಬಿಟ್ಟಳು.

"ಇವತ್ತು ಕಸ ಕಡಿಮೆ ಬೀಳಲ್ಲ ಮೇಷ್ಟ್ರೇ," ಎಂದಳು.

ಅಧ್ಯಕ್ಷರು ಹರ್ಷದಿಂದ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು, ಎಡಗೈಯ ಗವಸು ಒಬ್ಬರದು, ಬಲಗೈಯದು ಇನ್ನೊಬ್ಬರದು.