ಹಸಿದ ಬಳ್ಳಿಯ ಎಲೆ

ತೆಂಗಿನ ನಾರಿನ ಪುಡಿಯನ್ನು ಮೂರು ನೀರಿನಲ್ಲಿ ತೊಳೆಯಬೇಕು. ಮೊದಲನೆಯ ನೀರು ಕಾಫಿ ಡಿಕಾಕ್ಷನ್ನಿನ ಹಾಗೆ ಬರುತ್ತದೆ. ಎರಡನೆಯದು ತೆಳುವಾದ ಚಹಾ. ಮೂರನೆಯದರಲ್ಲಿ ಬಕೆಟ್ಟಿನ ತಳ ಕಾಣಿಸುತ್ತದೆ. ನಾನು ಮತ್ತು ವಿಶಾಲಕ್ಕ ಹಿತ್ತಲ ಕಲ್ಲಿನ ಮೇಲೆ ಎದುರುಬದುರು ಕುಳಿತು ಮಾತಿಲ್ಲದೆ ತೊಳೆಯುತ್ತಿದ್ದೆವು. ವಿಶಾಲಕ್ಕ ಮಾತಾಡದಿದ್ದುದಕ್ಕೆ ಕಾರಣ ಸಿಟ್ಟು. ನಾನು ಮಾತಾಡದಿದ್ದುದಕ್ಕೆ ಕಾರಣ ಅಭ್ಯಾಸ.

"ಬರ್ರೇ ಇಬ್ರೂ! ತೊಳೆದದ್ದು ಸಾಕು! ಯಂತ್ರ ರೆಡಿ ಆಯ್ತು!" ಎಂದು ಒಳಗಿನಿಂದ ದೊಡ್ಡಮ್ಮ ಕೂಗಿದಳು.

ವಿಶಾಲಕ್ಕ ಕಣ್ಣು ಮುಚ್ಚಿ, ಮೂರು ಎಣಿಸಿ, ಎದ್ದಳು.

ನಮ್ಮ ದೊಡ್ಡಮ್ಮ ಗಂಗಾಂಬಿಕೆ ತಿಪಟೂರಿನ ಒಂದು ನಾರಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಯಂತ್ರ ರಿಪೇರಿ ಮಾಡಿದವಳು. ಕೆಲಸದಿಂದ ನಿವೃತ್ತಳಾದ ಮೇಲೆ ಕೈ ಸುಮ್ಮನಿರಲಿಲ್ಲ. ಮನೆಯಲ್ಲೇ ಹೊಸ ಯಂತ್ರಗಳನ್ನು ಹುಟ್ಟಿಸತೊಡಗಿದಳು. ವಿಶಾಲಕ್ಕ ಅವಳ ಒಬ್ಬಳೇ ಮಗಳು, ಇಪ್ಪತ್ತೊಂಬತ್ತು ವರ್ಷ. ಮೊದಲು ನೋಡಲು ಬಂದ ಗಂಡಿನ ಕಡೆಯವರ ಮೇಲೆ ದೊಡ್ಡಮ್ಮನ ಪನ್ನೀರಿನ ಯಂತ್ರ ಎಷ್ಟು ರಭಸದಿಂದ ಪನ್ನೀರು ಚಿಮುಕಿಸಿತೆಂದರೆ ಹುಡುಗನ ತಂದೆಯ ಕನ್ನಡಕ ಎದುರುಮನೆಯ ನೀರಿನ ಟ್ಯಾಂಕಿಗೆ ಹೋಗಿ ಬಿತ್ತು. ಎರಡನೆಯ ಸಲ ಕಾಫಿ ತರಬೇಕಾಗಿದ್ದ ತಳ್ಳುಗಾಡಿ ಕಾಫಿ ತರದೆ, ಹುಡುಗನನ್ನೇ ಎತ್ತಿ ಕೂರಿಸಿಕೊಂಡು ಅಡುಗೆಮನೆಗೆ ಹೋಯಿತು. ಅವರಿಬ್ಬರ ಕಡೆಯಿಂದಲೂ ಮತ್ತೆ ಸುದ್ದಿಯಿಲ್ಲ.

"ನಾನು ಹೋಗೋ ಮನೇಲಿ ಮಿಕ್ಸಿ ಕೂಡ ಇರ್ಬಾರ್ದು ನೀಲೂ," ಎಂದು ವಿಶಾಲಕ್ಕ ನನಗೆ ಎಷ್ಟೋ ಸಲ ಹೇಳಿದ್ದಳು. "ಒಂದು ಒಳ್ಳು, ಒಂದು ಬೀಸೋಕಲ್ಲು. ಅಷ್ಟಿದ್ರೆ ನಾನು ರಾಣಿ."

ಈಗ ಅಂಥ ಮನೆಯೇ ಸಿಕ್ಕಿತ್ತು. ತುರುವೇಕೆರೆಯವರು. ಹುಡುಗ ತೋಂಟದಾರ್ಯ, ಪ್ರೈಮರಿ ಶಾಲೆ ಮೇಷ್ಟ್ರು. ಅವರ ಮನೆಯಲ್ಲಿ ಫ್ಯಾನೂ ಇಲ್ಲವಂತೆ. ತಾತ ಮರುಳಸಿದ್ದಪ್ಪನವರಿಗೆ ಯಂತ್ರ ಅಂದರೆ ಆಗದಂತೆ. ಇದನ್ನು ಕೇಳಿದ ದಿನ ವಿಶಾಲಕ್ಕ ಹುಡುಗನ ಫೋಟೋ ನೋಡುವ ಮೊದಲೇ ಒಪ್ಪಿದ್ದಳು. ಮುಂದಿನ ಭಾನುವಾರಕ್ಕೆ ಹತ್ತು ದಿನವಿತ್ತು. ಅಂದು ಅವರು ಊಟಕ್ಕೆ ಬರುವವರಿದ್ದರು.

ಇಂಥ ಹೊತ್ತಿನಲ್ಲಿ ಹೊಸ ಯಂತ್ರ.

ನಡುಮನೆಯ ಪಕ್ಕದ ಕೋಣೆಯ ಕಿಟಕಿಗಳನ್ನು ದೊಡ್ಡಮ್ಮ ವರ್ಷದ ಹಿಂದೆಯೇ ಹಲಗೆ ಹೊಡೆದು ಮುಚ್ಚಿದ್ದಳು. ಒಳಗೆ ನೇರಳೆ ಬಣ್ಣದ ಟ್ಯೂಬ್‌ಲೈಟು. ಮಣ್ಣಿನ ಬದಲು ತೊಳೆದ ನಾರಿನ ಪುಡಿ ತುಂಬಿದ ಇಪ್ಪತ್ತು ಚೀಲ. ಪ್ರತಿ ಚೀಲದಿಂದಲೂ ಒಂದೊಂದು ವೀಳ್ಯದೆಲೆ ಬಳ್ಳಿ ಹಗ್ಗ ಹಿಡಿದು ಮೇಲೆ ಹತ್ತಿತ್ತು. ಎಲೆಗಳು ನೋಡಲು ಅಂಗೈಯಗಲ, ಹೊಳಪು. ಬಾಯಿಗೆ ಹಾಕಿಕೊಂಡರೆ ಏನೂ ಇಲ್ಲ.

"ನಿನ್ನೆಲೆ ತಿನ್ನೋದೂ ಒಂದೇ, ಹಳೇ ಕ್ಯಾಲೆಂಡರ್ ಹರ್ಕಂಡು ತಿನ್ನೋದೂ ಒಂದೇ," ಎಂದರು ದೊಡ್ಡಪ್ಪ. ದಿನಕ್ಕೆ ಮೂವತ್ತು ಎಲೆ ಹಾಕುವವರು ಅವರು. ಸಂತೆಯಿಂದ ತಂದ ಎಲೆಯನ್ನು ಹೆಂಡತಿಯ ಎದುರೇ ಜಗಿಯುತ್ತಿದ್ದರು.

"ಯಾಕೆ ರುಚಿಯಿಲ್ಲ, ಗೊತ್ತೇನ್ರೀ? ಇವಕ್ಕೆ ಕಷ್ಟ ಅನ್ನೋದೇ ಗೊತ್ತಿಲ್ಲ!" ದೊಡ್ಡಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ಬಳ್ಳಿಗಳ ಕಡೆ ತೋರಿಸಿದಳು. "ತೋಟದ ಬಳ್ಳಿಗೆ ಬಿಸ್ಲು, ಗಾಳಿ, ಹುಳ, ಮೇಕೆ, ಎಲ್ಲದರ ಭಯ ಐತೆ. ಇವು ನೋಡಿ. ಮೆತ್ತಗೆ ನಾರಿನ ಪುಡೀಲಿ ಕೂತ್ಕಂಡು, ಹೊತ್ತೊತ್ತಿಗೆ ಗೊಬ್ಬರದ ನೀರು ಕುಡ್ಕಂಡು, ಥೇಟ್ ನಿಮ್ಮ ಥರ!"

"ನನ್ನ ರುಚಿ ಯಾಕೆ ನೋಡಕ್ಕೆ ಹೋದೆ?"

"ಅದಕ್ಕೇ ಇದು! ರುಚಿರಂಜನಿ!"

ಅವಳು ಬೆಡ್‌ಶೀಟು ಎಳೆದಳು. ಕೆಳಗೆ ನಮ್ಮ ಕಳೆದುಹೋದ ಹತ್ತು ಲೀಟರಿನ ಕುಕ್ಕರಿತ್ತು. ಅದರ ತಲೆಯ ಮೇಲೆ ನಾರಿನ ಧೂಳು ಊದುವ ಗಾಳಿಯಂತ್ರ. ಅಲ್ಲಿಂದ ಇಪ್ಪತ್ತು ಕೊಳವೆಗಳು ಇಪ್ಪತ್ತು ಚೀಲಗಳ ಬುಡಕ್ಕೆ ಹೋಗಿದ್ದವು.

"ಇವತ್ತಿಂದ ಗೊಬ್ಬರ ಬಂದ್. ಬರೀ ಸಪ್ಪೆ ನೀರು. ಆದ್ರೆ ಕುಕ್ಕರಲ್ಲಿ ಮೂರು ಹೊತ್ತೂ ಸಾರು ಕುದೀತಿರ್ತೈತೆ. ಅದರ ಘಮ ಮಾತ್ರ ಬೇರಿಗೆ ಹೋಗ್ತೈತೆ. ವಾಸ್ನೆ ತೋರ್ಸೋದು, ಊಟ ಕೊಡದೆ ಇರೋದು! ಬಳ್ಳಿಗೆ ಹಸಿವಾಗ್ಬೇಕು. ಹಸಿದ ಬಳ್ಳೀಲಿ ರುಚಿ ತಾನಾಗೇ ಬರ್ತೈತೆ!"

"ಇದು ನಿಮ್ಮಮ್ಮ ನಂಗೆ ಮಾಡ್ತಿದ್ದ ಕೆಲಸ ಅಲ್ವೇನೇ," ಎಂದರು ದೊಡ್ಡಪ್ಪ, ಹೆಂಡತಿಗೆ.

"ಅಮ್ಮಾ," ಎಂದಳು ವಿಶಾಲಕ್ಕ. "ಭಾನುವಾರ ಅವರು ಬರೋವಾಗ ಈ ಕೋಣೆಗೆ ಬೀಗ ಇರ್ಬೇಕು. ತಾಂಬೂಲಕ್ಕೆ ಸಂತೆ ಎಲೆ. ಆಣೆ ಮಾಡು."

"ಆಯ್ತಮ್ಮ, ಆಯ್ತು," ಎಂದಳು ದೊಡ್ಡಮ್ಮ. ಆಣೆ ಮಾಡಲಿಲ್ಲ. ನಾನು ಗಮನಿಸಿದೆ.

ಮೂರನೆಯ ದಿನ ಬಳ್ಳಿಗಳೆಲ್ಲ ದೀಪ ಬಿಟ್ಟು ಅಡುಗೆಮನೆಯ ಕಡೆ ವಾಲಿದ್ದವು. ಐದನೆಯ ದಿನ ಒಂದು ಕುಡಿ ಬಾಗಿಲ ಸಂದಿಯಿಂದ ಹೊರಗೆ ಬಂದಿತ್ತು. ನಾನು ಅದನ್ನು ಎತ್ತಿ ಒಳಗೆ ಬಿಟ್ಟೆ. ಆರನೆಯ ದಿನ ಬೆಳಗ್ಗೆ ಅದು ಹುರಿಗಡಲೆ ಡಬ್ಬಿಯೊಳಗಿತ್ತು. ಡಬ್ಬಿ ಖಾಲಿಯಾಗಿತ್ತು.

"ದೊಡ್ಡಮ್ಮ, ಬಳ್ಳಿಗೆ ತುಂಬಾ ಹಸಿವಾಗೈತೆ," ಎಂದೆ.

"ಆಗ್ಲಿ ಬಿಡು. ಅದಕ್ಕೇ ಅಲ್ವೇನೇ ಇಷ್ಟೆಲ್ಲ!"

ಏಳನೆಯ ದಿನ ಎಲೆ ಕೊಯ್ದೆವು. ಒದ್ದೆ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಂದರ ಮೇಲೊಂದು ಜೋಡಿಸಿ ಎರಡು ದಿನ ಕತ್ತಲಲ್ಲಿಟ್ಟು ಹದ ಬರಿಸಿದೆವು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ದೊಡ್ಡಮ್ಮ ಒಂದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ದೊಡ್ಡಪ್ಪನ ಬಾಯಿಗೆ ತಾನೇ ಹಾಕಿದಳು.

ದೊಡ್ಡಪ್ಪ ಜಗಿದರು. ಜಗಿಯುವುದನ್ನು ನಿಲ್ಲಿಸಿದರು. ಮತ್ತೆ ನಿಧಾನವಾಗಿ ಜಗಿದರು. ಅವರ ಕಣ್ಣಂಚಿನಲ್ಲಿ ನೀರು ಬಂತು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಅವರು ಏನೂ ಕೊಂಕು ಆಡಲಿಲ್ಲ.

"ಹೆಂಗೈತೆ? ಹೇಳ್ರೀ!"

"ಖಾರ ಐತೆ, ಖಾರ ಇಲ್ಲ. ಲವಂಗ ಹಾಕ್ದಂಗೈತೆ, ಹಾಕಿಲ್ಲ," ಎಂದರು ದೊಡ್ಡಪ್ಪ. ಅಡುಗೆಮನೆಯ ಕಡೆ ತಿರುಗಿ, "ಊಟಕ್ಕೆ ಏನು ಮಾಡಿದ್ದೀರಿ?"

"ಈಗ ತಾನೆ ಉಂಡ್ರಲ್ಲ!"

"ನಾನಾ? ಬೆಳಗಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಕಣೇ."

ಅವರು ಮತ್ತೆ ಕುಳಿತು ನಾಲ್ಕು ಮುದ್ದೆ ಉಂಡರು. "ವಯಸ್ಸಾದೋರಿಗೆ ಹಸಿವಾದ್ರೆ ಒಳ್ಳೇದೇ," ಎಂದಳು ದೊಡ್ಡಮ್ಮ. ವಿಶಾಲಕ್ಕ ಆಗ ಸಂತೆಗೆ ಹೋಗಿದ್ದಳು, ಎಲೆ ತರಲು. ಬಂದ ಮೇಲೆ ಅವಳಿಗೆ ಯಾರೂ ಹೇಳಲಿಲ್ಲ. ನಾನು ಹೇಳಬಹುದಿತ್ತು. ಆದರೆ ಅವಳು ಅಂದು ಹಾಡು ಗುನುಗುತ್ತಿದ್ದಳು.

ಭಾನುವಾರ ಹನ್ನೊಂದೂವರೆಗೆ ತುರುವೇಕೆರೆಯವರು ಬಂದರು. ತಾತ ಮರುಳಸಿದ್ದಪ್ಪ, ಹುಡುಗನ ತಾಯಿ ಸರ್ವಮಂಗಳಮ್ಮ, ತೋಂಟದಾರ್ಯ, ಜೊತೆಗೆ ನಾಲ್ಕು ಜನ ನೆಂಟರು. ತಾತ ಕೂತವರೇ ತಮ್ಮ ಮನೆತನದ ಪದ್ಧತಿ ತಿಳಿಸಿದರು.

"ನಾವು ಮಾತು ಕೂತ್ಕಂಡು ಕೊಡೋರಲ್ಲ. ಊಟ ಮಾಡ್ತೀವಿ. ತಾಂಬೂಲ ಹಾಕ್ಕಂತೀವಿ. ಎದ್ದು ಹೋಗಿ ಹೊಸ್ಲು ದಾಟ್ತಾ 'ಹೆಣ್ಣು ನಮ್ದು' ಅಂತೀವಿ. ಅಲ್ಲಿವರ್ಗೂ ಏನೂ ಕೇಳ್ಬಾರ್ದು. ನಾಳೆಯಿಂದ ಆಷಾಢ. ಇವತ್ತು ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಹೇಳ್ಬೇಕು. ಇಲ್ದಿದ್ರೆ ಈ ಸಂಬಂಧ ಇಲ್ಲ."

"ಬೇಕಾದಷ್ಟು ಹೊತ್ತೈತೆ ಬಿಡಿ," ಎಂದರು ದೊಡ್ಡಪ್ಪ.

ಹನ್ನೆರಡೂವರೆಗೆ ಬಾಳೆಲೆ ಹಾಕಿದೆವು. ಕೋಸಂಬರಿ, ಪಲ್ಯ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಅನ್ನ, ಮಜ್ಜಿಗೆ. ಎಲ್ಲರೂ ಮೆಚ್ಚಿ ಉಂಡರು. ಆಮೇಲೆ ದೊಡ್ಡಮ್ಮ ತಾಂಬೂಲದ ತಟ್ಟೆ ತಂದಳು. ಎಲೆಗಳು ಅಂಗೈಯಗಲ ಇದ್ದವು, ಹೊಳೆಯುತ್ತಿದ್ದವು. ವಿಶಾಲಕ್ಕನ ಮುಖ ಬಿಳುಚಿತು.

"ಅಮ್ಮಾ, ಇದು ಸಂತೆ ಎಲೆ ಅಲ್ಲ," ಎಂದು ಪಿಸುಗುಟ್ಟಿದಳು.

"ಯಂತ್ರ ತೋರ್ಸಲ್ಲ ಅಂದಿದ್ದೆ. ತೋರ್ಸಿದ್ನಾ?"

ತಾತ ಎರಡೆಲೆ ಮಡಿಸಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇನ್ನೆರಡು ಹಾಕಿಕೊಂಡರು. ಎಂಬತ್ತು ದಾಟಿದ ಆ ಮುಖ ಹದಿನೆಂಟರ ಹಾಗೆ ಅರಳಿತು. ಆಮೇಲೆ ಕೋಲು ಹಿಡಿದು ಎದ್ದರು. ನಾವೆಲ್ಲ ಬಾಗಿಲ ಎರಡೂ ಕಡೆ ಸಾಲಾಗಿ ನಿಂತೆವು. ತಾತ ಹೊಸ್ತಿಲ ಬಳಿ ಬಂದರು. ಬಲಗಾಲು ಎತ್ತಿದರು.

ಕಾಲು ಹಾಗೇ ನಿಂತಿತು.

"ಏನಮ್ಮಾ, ಒಬ್ಬಟ್ಟಿನ ವಾಸ್ನೆ ಬರ್ತೈತಲ್ಲ?"

"ನೀವು ಈಗ ಉಂಡದ್ದೇ ತಾತ," ಎಂದಳು ವಿಶಾಲಕ್ಕ.

"ನಾವೆಲ್ಲುಂಡ್ವಿ? ಉಣ್ಣಕ್ಕೇ ಅಲ್ವಾ ಬಂದಿರೋದು!"

ಹಿಂದೆ ತಿರುಗಿ ನೋಡಿದರೆ ನಾಲ್ಕೂ ನೆಂಟರು ಆಗಲೇ ಪಂಕ್ತಿಯಲ್ಲಿ ಕುಳಿತಿದ್ದರು. ಬೀಗರಾಗಲಿರುವವರಿಗೆ 'ನೀವು ಉಂಡಾಯಿತು' ಎಂದು ಎರಡನೆಯ ಸಲ ಹೇಳುವುದು ಹೇಗೆ? ಬಾಳೆಲೆ ಹಾಕಿದೆವು.

ಎರಡನೆಯ ಪಂಕ್ತಿಗೆ ಒಬ್ಬಟ್ಟು ಮುಗಿಯಿತು. ಉಂಡ ಮೇಲೆ ತಾಂಬೂಲ ಬೇಕೇ ಬೇಕು. ತಾಂಬೂಲ ಹಾಕಿದ ಕೂಡಲೇ ಹಸಿವು. ಮೂರನೆಯ ಪಂಕ್ತಿಗೆ ಚಿತ್ರಾನ್ನ ಕಲೆಸಿದೆವು. ನಾಲ್ಕನೆಯದಕ್ಕೆ ಉಪ್ಪಿಟ್ಟು. ಐದನೆಯದಕ್ಕೆ ನಾನು ಅಕ್ಕಪಕ್ಕದ ಮೂರು ಮನೆಗಳಿಂದ ಅನ್ನದ ಪಾತ್ರೆಗಳನ್ನು ಹೊತ್ತು ತಂದೆ. ದೊಡ್ಡಪ್ಪ ಎರಡನೆಯ ಪಂಕ್ತಿಯಲ್ಲೇ ನೆಂಟರ ಪಕ್ಕ ಕೂತುಬಿಟ್ಟಿದ್ದರು.

"ಅಪ್ಪಾ, ನೀನಾದ್ರೂ ಎದ್ದು ಬಾ!"

"ಬೆಳಗಿಂದ ಏನೂ ತಿಂದಿಲ್ಲ ಕಣಮ್ಮ."

ಪಂಕ್ತಿಯ ಕೊನೆಯಲ್ಲಿ ತೋಂಟದಾರ್ಯ ಬೆವರುತ್ತಿದ್ದ. ನಾನು ಸಾರು ಬಡಿಸಲು ಬಗ್ಗಿದಾಗ ಮೆಲ್ಲಗೆ, "ನಾನು ಎಲೆ ಹಾಕಿಲ್ಲ ಕಣ್ರೀ. ನಂಗೆ ಅಭ್ಯಾಸ ಇಲ್ಲ," ಎಂದ.

"ಮತ್ತೆ ಯಾಕೆ ಉಣ್ತಿದ್ದೀರಿ?"

"ತಾತ ಕೂತಿರುವಾಗ ನಾನು ಪಂಕ್ತಿಯಿಂದ ಏಳಂಗಿಲ್ಲ."

ಇದನ್ನು ನಾನು ಅಡುಗೆಮನೆಯಲ್ಲಿ ಹೇಳಿದೆ. ವಿಶಾಲಕ್ಕ ಒಂದು ಗಳಿಗೆ ಗೋಡೆಗೊರಗಿ ನಿಂತು, "ಒಳ್ಳೆ ಹುಡುಗ," ಎಂದಳು. ಆಮೇಲೆ ತಾನು ತಂದಿದ್ದ ಸಂತೆ ಎಲೆಯ ಕಟ್ಟು ಬಿಚ್ಚಿ, ತಟ್ಟೆಯಲ್ಲಿ ಜೋಡಿಸಿ ತಾನೇ ತೆಗೆದುಕೊಂಡು ಹೋದಳು. ತಾತ ಒಂದನ್ನು ಜಗಿದು ಥೂ ಎಂದು ಉಗಿದರು.

"ಇದೇನಮ್ಮ, ಹುಲ್ಲು! ಆ ಎಲೆ ಕೊಡಿ!"

"ಆ ಎಲೆ ಮುಗೀತು ತಾತ. ತಾಂಬೂಲ ಇಲ್ದೇ ಎದ್ಬಿಡಿ."

"ತಾಂಬೂಲ ಕೊಡದೆ ಕಳ್ಸೋ ಮನೆಯ ಹೆಣ್ಣು ನಮ್ಗೆ ಬ್ಯಾಡ," ಎಂದರು ತಾತ. ಸರ್ವಮಂಗಳಮ್ಮ ತಲೆಯಾಡಿಸಿದರು.

ವಿಶಾಲಕ್ಕ ಆ ಎಲೆಯನ್ನೇ ಕೊಟ್ಟಳು. ಗಂಟೆ ಮೂರೂಮುಕ್ಕಾಲು.

"ಅಮ್ಮಾ, ಏನಾದ್ರೂ ಮಾಡು! ನಿನ್ನೆಲೆಯಲ್ಲಿ ಏನೋ ಕೆಟ್ಟೈತೆ!"

"ನನ್ನೆಲೆ ಕೆಟ್ಟೈತಾ?" ದೊಡ್ಡಮ್ಮನ ಮುಖ ಕೆಂಪಾಯಿತು. "ಅವರು ಹೊಟ್ಟೆಬಾಕರು, ಅದಕ್ಕೆ ನನ್ನ ಯಂತ್ರ ಏನು ಮಾಡ್ತೈತೆ? ನೋಡು, ನಾನೇ ತಿಂತೀನಿ. ಏನೂ ಆಗಲ್ಲ!"

ತಿಂದಳು. ನಿಜವಾಗಿಯೂ ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೆರಗನ್ನು ಬಿಚ್ಚಿ, ದೊಡ್ಡಪ್ಪನ ಪಕ್ಕ ಹೋಗಿ ಕುಳಿತು, "ಸ್ವಲ್ಪ ಸರೀರಿ," ಎಂದಳು.

ನಾಲ್ಕು ಗಂಟೆಗೆ ಬಡಿಸಲು ಉಳಿದವರು ನಾನು, ವಿಶಾಲಕ್ಕ ಇಬ್ಬರೇ. ಕೋಣೆಯ ಬೀಗ ಹಾಗೇ ಇತ್ತು. ಆದರೆ ಬಾಗಿಲ ಕೆಳಗಿನಿಂದ ಇಪ್ಪತ್ತೂ ಬಳ್ಳಿಗಳು ಹೊರಗೆ ಬಂದಿದ್ದವು. ಗೋಡೆಯಂಚು ಹಿಡಿದು ಮರ್ಯಾದೆಯಿಂದ ಸಾಗಿ, ಪಂಕ್ತಿಯ ತುದಿಯಲ್ಲಿ ಖಾಲಿಯಿದ್ದ ಒಂದು ಬಾಳೆಲೆಯ ಮುಂದೆ ನಿಂತವು. ನಾನು ವಿಶಾಲಕ್ಕನ ಮುಖ ನೋಡಿದೆ. "ಬಡಿಸು," ಎಂದಳು. ಒಂದು ಸೌಟು ಅನ್ನ ಬಡಿಸಿದೆ. ಎರಡನೆಯ ಸೌಟು ಬಡಿಸುವಷ್ಟರಲ್ಲಿ ಮೊದಲನೆಯದಿರಲಿಲ್ಲ. ನೆಂಟರಲ್ಲಿ ಒಬ್ಬರು ಪಕ್ಕಕ್ಕೆ ಸ್ವಲ್ಪ ಜರುಗಿ ಅವಕ್ಕೆ ಜಾಗ ಮಾಡಿಕೊಟ್ಟರು.

ನಾಲ್ಕೂ ಇಪ್ಪತ್ತು. ವಿಶಾಲಕ್ಕ ತಾತನ ಕೋಲನ್ನು ಅವರ ಕೈಗಿಟ್ಟಳು.

"ತಾತ, ಇನ್ನು ಹತ್ತೇ ನಿಮಿಷ. ಹೊಸ್ಲು ದಾಟಿ ಒಂದು ಮಾತು ಹೇಳ್ಬಿಡಿ. ಆಮೇಲೆ ಬಂದು ಉಣ್ಣಿ. ನಾಳೆವರ್ಗೂ ಉಣ್ಣಿ."

ತಾತ ಹೊಸ್ತಿಲನ್ನು ನೋಡಿದರು. ಬಾಳೆಲೆಯನ್ನು ನೋಡಿದರು. ತಾಂಬೂಲದ ತಟ್ಟೆ ನೋಡಿದರು. ಕೋಲನ್ನು ಪಕ್ಕಕ್ಕಿಟ್ಟರು.

"ಹೊರಗೆ ಹೋಗೋರು ಹೊಸ್ಲಲ್ಲಿ ಹೇಳ್ಬೇಕು. ಹೋಗ್ದೇ ಇರೋರು ಎಲ್ಲಿ ಹೇಳಿದ್ರೂ ನಡೀತೈತೆ," ಎಂದರು. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ, "ಹೆಣ್ಣು ನಮ್ದು! ಹುಡುಗ ನಿಮ್ದು! ನಾವೂ ನಿಮ್ಮೋರೇ! ಈ ಬಳ್ಳಿ ಇರೋ ಮನೆ ಬಿಟ್ಟು ನಾವ್ಯಾರೂ ಎಲ್ಲಿಗೂ ಹೋಗಲ್ಲ!"

"ನಾಳೆ ಹಾಸಿಗೆ ತರಿಸ್ಬೇಕು," ಎಂದರು ಸರ್ವಮಂಗಳಮ್ಮ.

"ಹಂಗಾದ್ರೆ ಇನ್ನೂ ಎರಡು ಯಂತ್ರ ಮಾಡ್ತೀನಿ!" ಎಂದಳು ದೊಡ್ಡಮ್ಮ, ಅನ್ನ ಕಲೆಸುತ್ತ. "ಒಂದು ಅಡಿಕೆಗೆ, ಒಂದು ಸುಣ್ಣಕ್ಕೆ!"

"ಯಂತ್ರ ಅಂದ್ರೆ ನಂಗೆ ಮೊದ್ಲಿಂದ್ಲೂ ಇಷ್ಟ," ಎಂದರು ತಾತ.

ಹೀಗೆ ವಿಶಾಲಕ್ಕನ ಮದುವೆ ರಾಹುಕಾಲಕ್ಕೆ ಆರು ನಿಮಿಷ ಮೊದಲು ನಿಶ್ಚಯವಾಯಿತು. ಅವಳು ಸಾರಿನ ಬಕೆಟ್ಟನ್ನು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಪಂಕ್ತಿಯ ಮುಂದೆ ಬಂದು ನಿಂತಳು.

"ನನ್ನನ್ನ ತುರುವೇಕೆರೆಗೆ ಕರ್ಕೊಂಡು ಹೋಗಿ," ಎಂದಳು.

ತೋಂಟದಾರ್ಯ ತಲೆಯೆತ್ತಿದ. ಅವನ ಬಾಯಿ ತುಂಬಿತ್ತು. ಉಳಿದವರು ಮಜ್ಜಿಗೆಗೆ ಕೈಯೊಡ್ಡಿದ್ದರು.