ಹೊಗೆಗೂಡಿನ ಹಾಡು

ತಲೆ ಬಾಚಿಕೊಳ್ಳುತ್ತಾ ಗುಬ್ಬಿ ಕನ್ನಡಿಯ ಮುಂದೆ ತನಗೆ ತಾನೇ ಒಪ್ಪಿಕೊಂಡಳು: ಅಪ್ಪನ ಮೊಣಕಾಲಿಗಿಂತ ತನಗೆ ಗೋಡೆಯ ಒಂದು ತೂತೇ ಹೆಚ್ಚಾಗಿಬಿಟ್ಟಿದೆ. ಇಂಥ ಮಗಳು ಶತ್ರುವಿಗೂ ಬೇಡ.

ತೂತು ಇದ್ದದ್ದು ಅವಳ ಕೋಣೆಯ ಹಳೆಯ ಒಲೆಗೂಡಿನೊಳಗೆ. ಎರಡು ಮನೆಗಳಿಗೂ ಸೇರಿದ ನಡುಗೋಡೆಯಲ್ಲಿ, ಯಾವ ಕಾಲದಲ್ಲೋ ಬೆಂಕಿ ಕಂಡು, ಈಗ ಅವಳ ಪುಸ್ತಕಗಳನ್ನೂ ಒಂದು ಮುರಿದ ಛತ್ರಿಯನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದ ಗೂಡು ಅದು. ದಿನಾ ಸಂಜೆ ಪಕ್ಕದ ಮನೆಯ ಗಡಿಯಾರ ರಿಪೇರಿಯವನು ಅಂಗಡಿ ಮುಚ್ಚಿ ಬಂದ ಮೇಲೆ ಅದರ ಆಳದಿಂದ ಒಂದು ಗುನುಗು ಕೇಳಿಸುತ್ತಿತ್ತು. ಪದಗಳಿಲ್ಲ, ತಾಳವೂ ಅಷ್ಟಕ್ಕಷ್ಟೇ. ಆದರೂ ಅದು ಶುರುವಾಗುವ ಹೊತ್ತಿಗೆ ಗುಬ್ಬಿ ಎಲ್ಲಿದ್ದರೂ ಬಂದು ಗೂಡಿನ ಮುಂದೆ ಕೂರುತ್ತಿದ್ದಳು. ಬೀದಿಯಲ್ಲಿ ಎದುರಾದರೆ ಅವನ ಚಪ್ಪಲಿಯಿಂದ ಮೇಲಕ್ಕೆ ಕಣ್ಣೆತ್ತಲಾರದವಳು, ಗೂಡಿನೊಳಗೆ ತಲೆ ತೂರಿಸಿ ಪಿಸುಗುಟ್ಟುವಷ್ಟು ಧೈರ್ಯ ಮಾಡಿದ್ದಳು: “ಚೆನ್ನಾಗಿ ಹಾಡ್ತೀರಿ.” ಅವಳು ಪಿಸುಗುಟ್ಟಿದಾಗಲೆಲ್ಲ ಆಚೆಯ ಗುನುಗು ಒಂದು ಪಟ್ಟು ಏರುತ್ತಿತ್ತು. ಇದನ್ನು ಉತ್ತರವೆನ್ನದೆ ಮತ್ತೇನೆನ್ನುವುದು? ಪದವಿಯಲ್ಲಿ ತರ್ಕಶಾಸ್ತ್ರ ಓದಿದ್ದ ಗುಬ್ಬಿಗೆ ಅನುಮಾನವೇ ಉಳಿದಿರಲಿಲ್ಲ.

ಇವತ್ತು ಅದೇ ಗೂಡಿಗೆ, ಅಪ್ಪನ ಮೊಣಕಾಲು ನೋವಿಗೆಂದು, ಕಬ್ಬಿಣದ ಸೌದೆ ಒಲೆ ಬರುವುದಿತ್ತು. ಒಲೆ ಕೂತರೆ ಗೂಡು ಮುಚ್ಚುತ್ತದೆ, ಗೂಡು ಮುಚ್ಚಿದರೆ ಹಾಡು ನಿಲ್ಲುತ್ತದೆ.

ಬೇಡ ಎಂದು ಹೇಳಿದರಾಯಿತಲ್ಲ ಎಂದು ನಿಮಗನ್ನಿಸಬಹುದು. ಆದರೆ ಆ ಮನೆಯಲ್ಲಿ ಗುಬ್ಬಿಯನ್ನು ಏನು ಕೇಳಿದರೂ ಉತ್ತರ ಕೊಡುತ್ತಿದ್ದವಳು ಅವಳ ಸೋದರತ್ತೆ. ಚಹಾ ಕುಡೀತೀಯೇನಮ್ಮಾ ಎಂದರೆ ಅತ್ತೆ ಬೇಡವೆನ್ನುವಳು. ಪರೀಕ್ಷೆ ಏನಾಯಿತು ಎಂದು ಯಾರಾದರೂ ವಿಚಾರಿಸಿದರೆ, ಗುಬ್ಬಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಪಾಸಾಗಿಬಿಟ್ಟಿರುತ್ತಿದ್ದಳು. ಮೇಲಾಗಿ ಅಪ್ಪ. ಚಳಿ ಬಂತೆಂದರೆ ಹಳೆಯ ಮಫ್ಲರನ್ನು ಕುತ್ತಿಗೆಗೆ ಬಿಟ್ಟು ಮೊಣಕಾಲಿಗೆ ಸುತ್ತಿಕೊಂಡು, ನೋವಿಲ್ಲ ಎಂದು ನಗುತ್ತಿದ್ದ. ಆ ನಗುವಿನ ಎದುರು ಬೇಡ ಎನ್ನುವುದು ಹೇಗೆ?

ಒಲೆ ಕೈಗಾಡಿಯಲ್ಲಿ ಬಂತು. ಮುನಿಸಿಕೊಂಡ ಬೀಗರ ಹಾಗೆ ಬಾಗಿಲಲ್ಲೇ ಕೂತುಬಿಟ್ಟಿತು. ನಾಲ್ಕು ಜನ ಓಲೈಸಿ ಒಳಗೆ ತರಬೇಕಾಯಿತು. ಹಿಂದೆಯೇ ಕೊಳವೆಗಳ ಹೊರೆ ಹೊತ್ತ ಒಲೆ ಮೇಸ್ತ್ರಿ. ಅವನ ಹಿಂದೆ, ಯಾರೂ ಕರೆಯದ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು.

ಗುಬ್ಬಿ ಅಪ್ಪನ ಪಕ್ಕ ನಿಂತು, ಒಲೆ ನಡುಮನೆಯಲ್ಲಿದ್ದರೆ ಒಳ್ಳೆಯದಲ್ಲವೇ ಎಂದು ಮೆಲ್ಲಗೆ ಹೇಳಿ ನೋಡಿದಳು. ಅಪ್ಪನಿಗೆ ಕೇಳಿಸುವ ಮೊದಲು ಅದು ಹೆಡ್‌ಮಾಸ್ಟರಿಗೆ ಕೇಳಿಸಿತು. ಅವರು ಊರುಗೋಲಿನಿಂದ ನಡುಮನೆಯನ್ನು ಅಳೆದು, ಹೊಗೆ ಯಾಕೆ ಮೇಲಕ್ಕೇ ಹೋಗುತ್ತದೆ ಎಂಬುದನ್ನು ಮೇಸ್ತ್ರಿಗೆ ವಿವರಿಸಿದರು. ಮೇಸ್ತ್ರಿ ಆಕಳಿಸಿ, ನಡುಮನೆಯಲ್ಲಿ ಹೊಗೆಗೂಡೇ ಇಲ್ಲ, ಅಲ್ಲೇ ಬೇಕಾದರೆ ಮನೆಯ ಮಾಡನ್ನೇ ಒಡೆಯಬೇಕು ಎಂದ.

“ತಾನೊಬ್ಬಳೇ ಬೆಚ್ಚಗಿದ್ದು ಅಪ್ಪ ಎಲ್ಲಿ ನಡುಗ್ತಾನೋ ಅಂತ ಮಗೂಗೆ ಸಂಕಟ,” ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾನು ಹಗಲೆಲ್ಲ ಅವಳ ಕೋಣೆಯಲ್ಲೇ ಕೂರುತ್ತೇನೆ ಎಂದು ಅಪ್ಪ ಸಮಾಧಾನ ಹೇಳಿ ತಲೆ ಸವರಿದ. ಗುಬ್ಬಿ ಸಾಸಿವೆ ಕಾಳಿನಷ್ಟಾದಳು.

ಸಾಸಿವೆ ಕಾಳಿಗೂ ಹಟವಿರುತ್ತದೆ. ಮೇಸ್ತ್ರಿ ಉದ್ದ ಕೋಲಿನ ಕುಂಚದಿಂದ ಹೊಗೆಗೂಡಿನ ಮಸಿ ಕೆರೆಯುತ್ತಿದ್ದಾಗ, ಒಲೆಯನ್ನೂ ಕೊಳವೆಯನ್ನೂ ಜೋಡಿಸುವ ಬಾಗಿದ ತುಂಡು, ಎಲ್ಬೋ, ಹೊರಗಿನ ಚಾಪೆಯ ಮೇಲೆ ಅನಾಥವಾಗಿ ಬಿದ್ದಿತ್ತು. ಗುಬ್ಬಿ ಅದನ್ನೆತ್ತಿ ತನ್ನ ದಿಂಬಿನಡಿ ಮಲಗಿಸಿದಳು.

ಮನೆಯೆಲ್ಲ ಹುಡುಕಾಟವಾಯಿತು. ಹೆಡ್‌ಮಾಸ್ಟರು ಮೇಸ್ತ್ರಿಯ ಜೇಬು ಪರೀಕ್ಷಿಸಬೇಕೆಂದರು. ಮೊದಲು ಹೆಡ್‌ಮಾಸ್ಟರೇ ತಮ್ಮ ಜೇಬು ತೋರಿಸಲಿ ಎಂದ ಮೇಸ್ತ್ರಿ. ಕೊನೆಗೆ ಮೇಸ್ತ್ರಿ ಕೈ ಕೊಡವಿ, ಈ ಅಳತೆಯದು ಬೇರೆ ಇಲ್ಲ, ತರಿಸುವಷ್ಟರಲ್ಲಿ ಚಳಿಗಾಲವೇ ಕಳೆಯುತ್ತದೆ ಎಂದುಬಿಟ್ಟ. ಗುಬ್ಬಿಯ ಎದೆಯಲ್ಲಿ ಸಂಜೆಯ ಗುನುಗು ಆಗಲೇ ಶುರುವಾಯಿತು.

“ಇರ್ಲಿ ಬಿಡಪ್ಪ,” ಎಂದ ಅಪ್ಪ. “ಒಂದು ಚಳಿಗಾಲ ತಾನೆ. ಕಳೆಯುತ್ತೆ.”

ಹೇಳುತ್ತಲೇ ಬಗ್ಗಿ ಮಫ್ಲರಿನ ಗಂಟು ಬಿಗಿದುಕೊಂಡ. ಗುಬ್ಬಿ ಯಾರಿಗೂ ಹೇಳದೆ ಒಳಗೆ ಹೋಗಿ ದಿಂಬು ಎತ್ತಿದಳು. ಅದೇ ಗಳಿಗೆಗೆ ಬಾಗಿಲಲ್ಲಿ ಅತ್ತೆ. ಈಗ ನನ್ನ ಕಥೆ ಮುಗಿಯಿತು ಎಂದು ಗುಬ್ಬಿ ಕಣ್ಣು ಮುಚ್ಚಿದರೆ, ಅತ್ತೆ ಎಲ್ಬೋವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. “ಕಳೆದುಹೋಗ್ಬಾರ್ದು ಅಂತ ಎಷ್ಟು ಜೋಪಾನವಾಗಿಟ್ಟಿದ್ದಾಳೆ ನೋಡಿ. ಹೆಣ್ಣುಮಗು ಅಂದ್ರೆ ಹೀಗಿರ್ಬೇಕು.”

ಇನ್ನು ಉಳಿದದ್ದು ಹೊಗೆ ಪರೀಕ್ಷೆ. ಮೇಸ್ತ್ರಿ ಮಾಡು ಹತ್ತಿ ಹೊಗೆಗೂಡಿನ ಬಾಯಿಗೆ ಒದ್ದೆ ಗೋಣಿಚೀಲ ಮುಚ್ಚಿದ. ಕೆಳಗೆ ಒಂದು ಹಿಡಿ ಹಸಿ ಹುಲ್ಲು ಹೊತ್ತಿಸಿ, ಎಲ್ಲಾದರೂ ಹೊಗೆ ಸೋರುತ್ತದೆಯೇ ನೋಡಬೇಕು. ಆ ಜವಾಬ್ದಾರಿಯನ್ನು ಹೆಡ್‌ಮಾಸ್ಟರು ತಾವೇ ವಹಿಸಿಕೊಂಡು, ವಿಜ್ಞಾನದಲ್ಲಿ ಜಿಪುಣತನ ಕೂಡದೆಂದು ಒಂದು ಹಿಡಿಯ ಬದಲು ಒಂದು ತೆಕ್ಕೆ ಹಾಕಿದರು. ಹೊಗೆ ಗೂಡಿನೊಳಗೆ ಸುರುಳಿ ಸುತ್ತಿ ಮಾಯವಾಯಿತು. ಕೋಣೆಯಲ್ಲಿ ಒಂದೆಳೆಯೂ ಇಲ್ಲ. ಹಿಂದಿನವರ ಕಟ್ಟಡವೆಂದರೆ ಕಟ್ಟಡ ಎಂದು ಅವರು ಗೋಡೆ ತಟ್ಟಿ ಮೆಚ್ಚಿಕೊಂಡರು.

ಆಗ ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದರು. ಬಾಗಿಲು ಬಡಿಯಿತು. ಅಂಗಡಿಗೆ ರಜೆಯೆಂದು ಮನೆಯಲ್ಲೇ ಕೆಲಸಕ್ಕೆ ಕೂತಿದ್ದ ಗಡಿಯಾರದವನು, ಇದ್ದಿಲ ಮೂಟೆಯಿಂದ ಎದ್ದವನ ಹಾಗೆ ಬಂದು ಇವರ ಹೊಸ್ತಿಲಲ್ಲಿ ನಿಂತ. ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದಾಗ, ಆ ಕಣ್ಣಿನ ಸುತ್ತ ಮಾತ್ರ ಬೆಳ್ಳಗೆ ಒಂದು ಬಳೆ ಮೂಡಿತ್ತು. ಗುಬ್ಬಿ ಅವನ ಮುಖವನ್ನು ಮೊದಲ ಸಲ ಪೂರ್ತಿ ನೋಡಿದ್ದು ಹೀಗೆ, ಮುಖವೇ ಕಾಣದ ದಿನ.

ಮೇಸ್ತ್ರಿ ಇಳಿದು ಬಂದು ಗೂಡಿಗೆ ಟಾರ್ಚ್ ಬಿಟ್ಟ. ಎರಡು ಮನೆಗಳ ಗೂಡುಗಳ ನಡುವೆ ಎರಡು ಇಟ್ಟಿಗೆ ಉದುರಿವೆ, ಅದನ್ನು ಮುಚ್ಚದೆ ಬೆಂಕಿ ಹಾಕಿದರೆ ಪಕ್ಕದವರ ಜೀವಕ್ಕೇ ಅಪಾಯ ಎಂದ.

“ಮುಚ್ಚಿಬಿಡಿ,” ಎಂದ ಗಡಿಯಾರದವನು. “ನಾನೇ ಬಂದು ಹೇಳ್ಬೇಕಿತ್ತು, ಸಂಕೋಚ. ಅಲ್ಲಿಂದ ನಿಮ್ಮನೆ ಮಾತೆಲ್ಲ ನಮ್ಮ ಕಡೆಗೆ ಬರುತ್ತೆ.” ಅತ್ತೆಯ ಕಡೆ ತಿರುಗಿ ಇನ್ನಷ್ಟು ವಿನಯದಿಂದ ಹೇಳಿದ: “ನಮ್ಮಮ್ಮ ನಡೆದ್ರೆ ಬೀರು ನಡೆದ ಹಾಗಿರುತ್ತೆ ಅಂದಿದ್ರಲ್ಲ, ಅದನ್ನ ಅಮ್ಮಂಗೆ ಹೇಳಿಲ್ಲ ಬಿಡಿ.”

ಅತ್ತೆಯ ಬಾಯಿ ತೆರೆದದ್ದು ಹಾಗೇ ಮುಚ್ಚಿಕೊಂಡಿತು. ಆ ಮನೆಯಲ್ಲಿ ಹಿಂದೆಂದೂ ಆಗದ ಸಂಗತಿ.

“ಸಂಜೆ ಹೊತ್ತು ಮೊದಲು ನಿಮ್ಮನೆ ಮಾತು, ಆಮೇಲಾಮೇಲೆ ಯಾರದೋ ಪಿಸುಪಿಸು,” ಅವನು ಮುಂದುವರಿಸಿದ. “ಯಾರ ಗುಟ್ಟೋ ಏನೋ, ಕದ್ದು ಕೇಳೋದು ತಪ್ಪಲ್ವಾ? ಅದಕ್ಕೇ ಏನೋ ಒಂದು ಗುನುಗ್ತಾ ಕೂರ್ತಿದ್ದೆ. ಪಿಸುಮಾತು ಜೋರಾದ್ರೆ ನಾನೂ ಜೋರು. ನಂಗೇನು ಹಾಡು ಬರುತ್ತಾ? ನಾನು ಶುರು ಮಾಡಿದ್ರೆ ಅಮ್ಮ ಎದ್ದು ಹಿತ್ತಲಿಗೆ ಹೋಗ್ತಾರೆ. ಇನ್ಮೇಲೆ ಎಲ್ಲರಿಗೂ ನೆಮ್ಮದಿ.”

ಎಲ್ಲರೂ ನಕ್ಕರು. ಅಪ್ಪ ಕೆಮ್ಮುವಷ್ಟು ನಕ್ಕ. ಗುಬ್ಬಿಯೂ ನಗಲು ನೋಡಿದಳು; ತುಟಿ ಅರಳಿತು, ನಗು ಬರಲಿಲ್ಲ. ತರ್ಕಶಾಸ್ತ್ರದಲ್ಲಿ ಪಡೆದ ಅಂಕಗಳನ್ನು ಅವಳು ಮನಸ್ಸಿನಲ್ಲೇ ವಾಪಸು ಮಾಡಿದಳು.

ಮೇಸ್ತ್ರಿ ಇಟ್ಟಿಗೆ ಕೂರಿಸಿ ಗಾರೆ ಮೆತ್ತಿದ, ಉಕ್ಕಿನ ಕೊಳವೆಯನ್ನು ಗೂಡಿನುದ್ದಕ್ಕೂ ಮಾಡಿನವರೆಗೆ ಏರಿಸಿದ, ದಿಂಬಿನಡಿ ಮಲಗೆದ್ದ ಎಲ್ಬೋವನ್ನು ಒಲೆಯ ಹಿಂದೆ ಬಿಗಿದ. ಸಂಜೆಗೆ ಒಲೆಯ ಗಾಜಿನ ಬಾಗಿಲಿನೊಳಗೆ ಬೆಂಕಿ ಹಳದಿಯಾಗಿ ಎದ್ದು ನಿಂತಿತು. ಅಪ್ಪ ಮಫ್ಲರ್ ಬಿಚ್ಚಿದ. ಕಾಲನ್ನು ನಿಧಾನವಾಗಿ ನೀಡಿ, ಅದು ನೀಡಿಕೊಂಡದ್ದನ್ನು ತಾನೇ ನಂಬದವನ ಹಾಗೆ ನೋಡುತ್ತಾ ಕೂತ. ಒಲೆಯನ್ನು ಶಪಿಸುವ ಹಕ್ಕೂ ಗುಬ್ಬಿಗೆ ಉಳಿಯಲಿಲ್ಲ.

ಮುಖ ತೊಳೆದುಕೊಂಡು ಬಂದಿದ್ದ ಗಡಿಯಾರದವನು ಗೋಡೆಗೆ ಕಿವಿಯಿಟ್ಟು ನೋಡಿ, ಈಗ ಇರುವೆಯ ಸದ್ದೂ ದಾಟುವುದಿಲ್ಲ ಎಂದು ಮೆಚ್ಚಿದ. ಹೊರಟವನು ಬಾಗಿಲಲ್ಲಿ ತಿರುಗಿ, ಉಪಚಾರಕ್ಕೆಂಬಂತೆ ಗುಬ್ಬಿಯನ್ನು ಕೇಳಿದ: “ಕೋಣೆ ಈಗ ಬೆಚ್ಚಗಾಯ್ತಲ್ವಾ?”

ಎಲ್ಲರೂ ರೂಢಿಯಂತೆ ಅತ್ತೆಯ ಕಡೆ ನೋಡಿದರು. ಬೀರುವಿನ ಮಾತು ಹೊರಬಿದ್ದಾಗಿನಿಂದ ಅತ್ತೆ ಅವನೆದುರು ಬಾಯಿ ತೆರೆದಿರಲಿಲ್ಲ. ಈಗಲೂ ಒಲೆಯ ಹಿಡಿಕೆಯನ್ನು ಸೆರಗಿನಿಂದ ಒರೆಸತೊಡಗಿದಳು. ಸೌದೆ ಒಮ್ಮೆ ಚಟಪಟವೆಂದಿತು.

“ಇಲ್ಲ,” ಎಂದಳು ಗುಬ್ಬಿ. ಅವಳ ದನಿ ಹೊರಗೆ ಹೇಗಿರುತ್ತದೆ ಎಂದು ಅವನಿಗಿರಲಿ, ಅವಳಿಗೇ ಮರೆತುಹೋಗಿತ್ತು. “ನೀವು ಹಾಡ್ತಿದ್ದಾಗ ಬೆಚ್ಚಗಿತ್ತು.”