ಡಿಕ್ಕಿ ಪಾಠದ ಕುರ್ಚಿ

ಕಂಡಕ್ಟರಮ್ಮನ ಬಾಯಿಗೆ ಅವತ್ತೊಂದು ದಿನ ಬೀಗ ಬಿದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಕೊನೆಯ ಟ್ರಿಪ್ಪು ಹೊರಡುವಾಗ ಆಕೆ ಬಸ್ಸಿನ ನಡುವೆ ನಿಂತು ಸಾರಿಬಿಟ್ಟಳು.

"ನಮ್ಮ ಡ್ರೈವರಣ್ಣ ಇಷ್ಟು ವರ್ಷದಲ್ಲಿ ಒಂದು ಡಿಕ್ಕಿನೂ ಮಾಡಿಲ್ಲ. ಇವತ್ತು ಸಾಯಂಕಾಲ ಇವರನ್ನ ಡಿಪೋದಲ್ಲಿ ಮೇಷ್ಟ್ರು ಮಾಡ್ತಾರೆ. ಅಲ್ಲೀವರೆಗೂ ಬಸ್ಸಿಗೆ ಗೀರು ಬೀಳದ ಹಾಗೆ ನೀವೂ ಸ್ವಲ್ಪ ನೋಡ್ಕೊಳ್ಳಿ."

ಡ್ರೈವರನಿಗೆ ಡಿಪೋದವರು ಇಟ್ಟ ಹೆಸರು ನಿಧಾನಪ್ಪ. ಸೀಟಿನ ಮೇಲೆ ಕುಲುಕಿ ಕುಲುಕಿ ಅವನ ಸೊಂಟ ಹಿಡಿದುಹೋಗಿತ್ತು. ಡಿಕ್ಕಿ ಯಾಕಾಗುತ್ತದೆ, ತಪ್ಪಿಸುವುದು ಹೇಗೆ ಎಂದು ಉಳಿದ ಡ್ರೈವರುಗಳಿಗೆ ಪಾಠ ಹೇಳುವ ಕೆಲಸವೊಂದು ಖಾಲಿಯಾದಾಗ ಅವನಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯ ಕೆಲಸ, ಕ್ಲಚ್ಚಿಲ್ಲ, ಗುಂಡಿಯಿಲ್ಲ. ಹೆಂಡತಿ ಆ ಕುರ್ಚಿಗೆಂದೇ ಹತ್ತಿ ತುಂಬಿ ಒಂದು ದಿಂಬು ಹೊಲಿದೂ ಇಟ್ಟಿದ್ದಳು.

ಆ ಕೆಲಸಕ್ಕೆ ಅರ್ಜಿ ಹಾಕಿದ್ದ ಇನ್ನೊಬ್ಬ, ದಪ್ಪ ಮೀಸೆಯ ಡಿಕ್ಕಿಯಣ್ಣ. ಹೆಸರೇ ಎಲ್ಲ ಹೇಳುತ್ತದೆ. ಡಿಕ್ಕಿಯಾದ ಬಸ್ಸಿನ ಡ್ರೈವರು, ತಪ್ಪು ಯಾರದೇ ಇರಲಿ, ಆ ಪಾಠಕ್ಕೆ ಕೂರಬೇಕೆಂಬುದು ಡಿಪೋದ ನಿಯಮ. ಡಿಕ್ಕಿಯಣ್ಣ ಅಲ್ಲಿ ಕೂತು ಕೂತು ಬೆಂಚು ನುಣ್ಣಗೆ ಮಾಡಿದ್ದ. ಅವನ ಅರ್ಜಿ ಕಂಡು ಇಡೀ ಡಿಪೋ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಕಂಡಕ್ಟರಮ್ಮನ ಮಾತು ಮುಗಿದದ್ದೇ ತಡ, ಪ್ರಯಾಣಿಕರೆಲ್ಲ ಡ್ರೈವರುಗಳಾದರು. "ಎಡಗಡೆ ಸೈಕಲ್ಲು" ಎಂದಿತು ಒಂದು ದನಿ. "ನಾಯಿ, ನಾಯಿ" ಎಂದಿತು ಇನ್ನೊಂದು. ನಾಯಿ ಪಾಪ ಅಂಗಡಿಯ ಮೆಟ್ಟಿಲ ಮೇಲೆ ಮಲಗಿತ್ತು. ಮುಂದಿನ ಸೀಟಿನ ರಿಟೈರ್ಡ್ ಹೆಡ್‌ಮಾಸ್ತರರು ಮಾತ್ರ ಶಾಂತವಾಗಿ ಬುದ್ಧಿ ಹೇಳಿದರು.

"ಮುಂದಿನ ಗಾಡಿಗೂ ನಿನಗೂ ನಡುವೆ ಜಾಗ ಬಿಡಪ್ಪ. ಎಲ್ಲಾ ಅನಾಹುತಕ್ಕೂ ಅದೇ ಮೂಲ."

ನಿಧಾನಪ್ಪ ಜಾಗ ಬಿಟ್ಟ. ಬಿಟ್ಟ ಜಾಗಕ್ಕೆ ಒಂದು ಕಾರು ನುಗ್ಗಿತು. "ಈಗ ಇದಕ್ಕೂ ಬಿಡು" ಎಂದರು ಮಾಸ್ತರರು. ಬಿಟ್ಟ. ಒಂದು ಸ್ಕೂಟರು ತೂರಿಕೊಂಡಿತು. ಹೀಗೆ ಊರಿನ ಗಾಡಿಗಳಿಗೆಲ್ಲ ದಾರಿ ಬಿಡುತ್ತ ಬಸ್ಸು ಮುಂದೆ ಹೋಗುತ್ತಿದೆಯೋ ಹಿಂದೆ ಬರುತ್ತಿದೆಯೋ ತಿಳಿಯದಂತಾಯಿತು.

"ಮಾಸ್ತರೇ, ಹೀಗಾದ್ರೆ ಡಿಪೋ ಸೇರೋ ಹೊತ್ತಿಗೆ ನಾನೂ ರಿಟೈರಾಗಿರ್ತೀನಿ" ಎಂದ ನಿಧಾನಪ್ಪ.

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು" ಎಂದರು ಅವರು. ಒಳ್ಳೆಯದಕ್ಕೆ ಹೇಳುವವರಿಗೆ ಎದುರಾಡುವುದು ಹೇಗೆ? ಅವನು ಇನ್ನೊಂದು ಗಾಡಿಗೆ ಜಾಗ ಬಿಟ್ಟ.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಸುದ್ದಿ ಬಂತು. "ಹಿಂದೆ ಇನ್ನೊಂದು ಬಸ್ಸು ಬರ್ತಿದೆ, ಮೀಸೆಯವನು ಓಡಿಸ್ತಿದಾನೆ."

"ಅಯ್ಯೋ, ಡಿಕ್ಕಿಯಣ್ಣ!" ಎಂದು ನಿಧಾನಪ್ಪ ಕನ್ನಡಿ ನೋಡಿದ. ತನಗಿಂತ ಎಷ್ಟೋ ಹೊತ್ತಿನ ಮೇಲೆ ಹೊರಟವನು ಬೆನ್ನಿಗೇ ಬಂದಿದ್ದ.

"ನೀವು ಹೆದರಬೇಡಿ, ಅವನನ್ನ ನಾವು ನೋಡ್ಕೋತೀವಿ" ಎಂದರು ಹಿಂದಿನ ಸೀಟಿನವರು. ಎಲ್ಲರೂ ಎದ್ದು ಹಿಂಬದಿಯ ಗಾಜಿಗೆ ಮುಖ ಒತ್ತಿ, ದೂರ ಇರು ಎಂದು ಕೈ ಬೀಸತೊಡಗಿದರು. ಬಸ್ಸು ಡಿಪೋದ ಗೇಟಿಗೆ ಬಂತು. ಮಾಸ್ತರರು, "ನಿಲ್ಲಿಸಿ ಎರಡೂ ಕಡೆ ನೋಡು" ಎಂದರು. ನಿಧಾನಪ್ಪ ನಿಲ್ಲಿಸಿದ.

ಡಿಕ್ಕಿಯಣ್ಣನಿಗೆ ಜೀವಮಾನದಲ್ಲಿ ಯಾವ ಪ್ರಯಾಣಿಕನೂ ಕೈ ಬೀಸಿದ್ದಿಲ್ಲ. ಈಗ ಒಂದು ಸಾಲು ಜನ ಬೀಸುತ್ತಿದ್ದಾರೆ. ಸಂತೋಷ ತಡೆಯಲಾರದೆ ಅವನೂ ಹಲ್ಲು ಕಿರಿದು ಕೈಯೆತ್ತಿ ಬೀಸಿದ. ಬ್ರೇಕಿನ ನೆನಪಾಗುವಷ್ಟರಲ್ಲಿ ಧಡ್ ಎಂದಿತು. ಯಾರಿಗೂ ಏನೂ ಆಗಲಿಲ್ಲ. ನಿಧಾನಪ್ಪನ ಬಸ್ಸಿನ ಹಿಂದಿನ ದೀಪವೊಂದು ಪುಡಿಯಾಯಿತು.

ಮ್ಯಾನೇಜರು ಇಬ್ಬರನ್ನೂ ಒಟ್ಟಿಗೇ ಕೋಣೆಗೆ ಕರೆದರು. ಡಿಕ್ಕಿಯ ವಿಚಾರಣೆ, ಹೊಸ ಕೆಲಸದ ಸಂದರ್ಶನ, ಎರಡೂ ಒಂದೇ ಏಟಿಗೆ ಮುಗಿಯಲೆಂದು.

"ಹೇಳಪ್ಪ, ಡಿಕ್ಕಿ ಯಾಕೆ ಆಗತ್ತೆ?" ಎಂದು ಮೊದಲು ನಿಧಾನಪ್ಪನನ್ನು ಕೇಳಿದರು.

ನಿಧಾನಪ್ಪ ಇದ್ದದ್ದನ್ನೇ ಹೇಳಿದ. "ಗೊತ್ತಿಲ್ಲ ಸಾರ್. ನಾನು ಯಾವತ್ತೂ ಮಾಡಿಲ್ವಲ್ಲ."

ಮ್ಯಾನೇಜರು ಡಿಕ್ಕಿಯಣ್ಣನ ಕಡೆ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡ.

"ನಿದ್ದೆಗಣ್ಣಲ್ಲಿ ಆಗತ್ತೆ ಸಾರ್, ಮಾಡಿದೀನಿ. ಫೋನು ಕಿವಿಗಿಟ್ಟಾಗ ಆಗತ್ತೆ, ಅದನ್ನೂ ಮಾಡಿದೀನಿ. ಕನ್ನಡಿಗೆ ಕಾಣದ ಮೂಲೆಯಿಂದ ಒಂದು, ಒದ್ದೆ ರಸ್ತೇಲಿ ಎರಡು. ಕೈ ಬೀಸಿ ಆಗೋದು ಇವತ್ತು ಕಲಿತೆ. ಯಾವುದನ್ನ ಎಲ್ಲಿ ತಪ್ಪಿಸಬಹುದಿತ್ತು, ಒಂದೊಂದನ್ನೂ ಬಿಡಿಸಿ ಹೇಳ್ತೀನಿ."

ಬಿಡಿಸಿಯೇ ಹೇಳಿದ. ಮ್ಯಾನೇಜರು ಮೈಮರೆತು ಕೇಳಿದರು. "ಪಾಠ ಅಂದ್ರೆ ಇದು. ಅನುಭವ ಮಾತಾಡ್ತಿದೆ" ಎಂದು ಅಲ್ಲೇ ಕೆಲಸ ಕೊಟ್ಟರು. ಬಾಗಿಲ ಬಳಿ ನಿಧಾನಪ್ಪನ ಬೆನ್ನು ತಟ್ಟಿ, "ನಿನ್ನಂಥವನನ್ನ ರಸ್ತೆಯಿಂದ ತೆಗೆದ್ರೆ ಓಡಿಸೋರು ಯಾರಪ್ಪ?" ಎಂದು ಸಮಾಧಾನವನ್ನೂ ಹೇಳಿದರು. ಪಾಪ, ಅವನಿಗೆ ಅಳು ಬರುವುದೊಂದು ಬಾಕಿ.

ಮರುದಿನ ಹೊಸ ಮೇಷ್ಟ್ರ ಮೊದಲ ಪಾಠ. ನಿಯಮ ನಿಯಮವೇ, ಡಿಕ್ಕಿಯಾದ ಬಸ್ಸಿನ ಡ್ರೈವರು ನಿಧಾನಪ್ಪ ಒಬ್ಬನೇ ಶಿಷ್ಯ. ಬೆಂಚು ಗಟ್ಟಿಯೆಂದು ಹೆಂಡತಿ ದಿಂಬು ಕೊಟ್ಟು ಕಳಿಸಿದ್ದಳು. ಅದನ್ನು ಹಾಕಿಕೊಂಡು ಸೊಂಟ ಊರುವಷ್ಟರಲ್ಲಿ ಡಿಕ್ಕಿಯಣ್ಣ ಕುರ್ಚಿಯಲ್ಲಿ ಅತ್ತಿತ್ತ ಹೊರಳಾಡಿ ಮುಖ ಕಿವಿಚಿದ.

"ನಿಧಾನಪ್ಪ, ಆ ದಿಂಬು ಸ್ವಲ್ಪ ಈ ಕಡೆ ಕೊಡಪ್ಪ. ಇದರ ಮೇಲೆ ದಿನಾ ಕೂರಬೇಕಾದೋನು ನಾನು."